ಎರಡು ಹೆಸರಿನ ತೊಟ್ಟಿ

ಹೊಳೆಯಾಚೆಯ ನನ್ನ ಪ್ರೀತಿಯ ಎರ್ವಿನ್,

ಈ ಪತ್ರ ಕೈಗೆ ಬಂದ ಕೂಡಲೇ ನೀನು ಮಾಡುವ ಮೊದಲ ಕೆಲಸ ಯಾವುದೆಂದು ನನಗೆ ಗೊತ್ತು. ಕನ್ನಡಕಕ್ಕಾಗಿ ಮನೆಯೆಲ್ಲ ತಡಕಾಡುತ್ತೀಯ. ಅದು ನಿನ್ನ ಹಣೆಯ ಮೇಲೆಯೇ ಇರುತ್ತದೆ, ಮುಟ್ಟಿ ನೋಡಿಕೋ. ಆಮೇಲೆ, ಹೊಳೆ ದಾಟಿದರೆ ಸಿಗುವ ಮನೆಯವಳು ಅಂಚೆಚೀಟಿ ಹಚ್ಚಿ ಪತ್ರ ಹಾಕುವಂಥದ್ದು ಏನಾಯಿತಪ್ಪಾ ಎಂದು ಗಾಬರಿಯಾಗುತ್ತೀಯ. ಏನೂ ಆಗಿಲ್ಲ. ಯಾರೂ ಸತ್ತಿಲ್ಲ, ಯಾವ ಪೀಪಾಯಿಯೂ ಸೋರುತ್ತಿಲ್ಲ. ಕೂತುಕೊಂಡು ನಿಧಾನವಾಗಿ ಓದು.

ಹೋದ ಗುರುವಾರ ನಮ್ಮ ಜಗಲಿಯ ಮೆಟ್ಟಿಲ ಮೇಲೆ ನಿಂತು ನೀನು ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದೆ. ಯೋಚಿಸಿ ಹೇಳುತ್ತೇನೆ ಎಂದೆ. ಅದಾದ ಮೇಲೂ ನೀನು ಬಂದು ಹೋದೆ. ಆದರೆ ಮಾತು ಎಲ್ಲಿಗೆ ಹೋಯಿತು ಹೇಳು? ಹೊಳೆಯ ನೀರು, ಕಬ್ಬಕ್ಕಿಗಳ ಕಾಟ, ಲಾರಿಯ ಟೈರು. ಎದುರುಬದುರು ನಿಲ್ಲಿಸಿದರೆ ನಮ್ಮಿಬ್ಬರ ಬಾಯಿಂದ ದ್ರಾಕ್ಷಿಯ ಮಾತು ಬಿಟ್ಟು ಬೇರೆ ಹೊರಡುವುದಿಲ್ಲ. ಅದಕ್ಕೇ ಈ ಕಾಗದ. ಉತ್ತರ ಕೊನೆಯಲ್ಲಿದೆ. ಪೇಪರನ್ನು ಹಿಂದಿನ ಪುಟದಿಂದ ಓದುವ ನಿನ್ನ ಚಾಳಿ ಇಲ್ಲಿ ತೋರಿಸಬೇಡ. ನನ್ನ ಸಿಟ್ಟು, ನಗು ಎಲ್ಲವನ್ನೂ ದಾಟಿಕೊಂಡೇ ನೀನು ಅಲ್ಲಿಗೆ ಬರಬೇಕು.

ಇದಕ್ಕೆಲ್ಲ ಮೂಲ ಆ ಬಿಸಿಲು. ಈ ಸಲದ ಮಾರ್ಚಿನಂಥ ಮಾರ್ಚನ್ನು ನಾನು ಕಂಡಿಲ್ಲ. ಬೇರೆ ವರ್ಷಗಳಲ್ಲಿ ಒಂದು ತೋಟದ ಹಣ್ಣು ತೊಟ್ಟಿಯಿಂದ ಇಳಿದ ಮೇಲೆ ಇನ್ನೊಂದು ತೋಟದ್ದು ಬರುತ್ತದೆ, ಎಲ್ಲರೂ ಮರ್ಯಾದೆಯಿಂದ ಸರದಿ ಕಾಯುತ್ತಾರೆ. ಈ ಸಲ ಇಡೀ ಬಾರೋಸಾ ಕಣಿವೆಯ ಶಿರಾಜ್ ದ್ರಾಕ್ಷಿ ಒಂದೇ ವಾರದಲ್ಲಿ ಹಣ್ಣಾಗಿ ಕೂತಿತು. ನಮ್ಮ ಹಾರ್ನಿಗ್ ವೈನರಿಯ ಸಿಮೆಂಟು ತೊಟ್ಟಿಗಳೆಲ್ಲ ತುಂಬಿ, ಬುಸುಗುಡುತ್ತಿದ್ದವು. ಖಾಲಿ ಜಾಗ ಇದ್ದದ್ದು ಒಂದೇ ಕಡೆ, ನಮ್ಮ ಮನೆಯ ಹಿಂದಿನ ಹಳೇ ತೋಟದ ಹಣ್ಣು ಬಿದ್ದಿದ್ದ ತೊಟ್ಟಿಯಲ್ಲಿ. ಹಳೇ ಬಳ್ಳಿ ಅಲ್ಲವಾ, ಬಿಸಿಲಿಗೆ ಮುನಿಸಿಕೊಂಡು ಅರ್ಧವೇ ಕೊಟ್ಟಿತ್ತು. ಆ ಹೊತ್ತಿಗೆ ಸರಿಯಾಗಿ ನೀನು ಲಾರಿ ತುಂಬ ಹಣ್ಣು ತಂದು ಗೇಟಿನಲ್ಲಿ ನಿಲ್ಲಿಸಿದೆ. ಇನ್ನೊಂದು ದಿನ ಹೊರಗೆ ಬಿಟ್ಟರೆ ಅದು ಲಾರಿಯಲ್ಲೇ ಉಕ್ಕುತ್ತಿತ್ತು. ಸುರಿ ಎಂದೆ ನಾನು. ನೀನು ಟೋಪಿ ತೆಗೆದು ತೊಟ್ಟಿಯೊಳಗೆ ಇಣುಕಿದೆ. ಆಮೇಲೆ ನನ್ನ ಮುಖ ನೋಡಿದೆ.

"ಮೆಲ್ವಾ, ಇದು ನಿಮ್ಮನೆ ಹಣ್ಣು. ಇದ್ರ ಮೇಲೆ ನಮ್ದು ಸುರಿದ್ರೆ ನಮ್ಮಜ್ಜ ಗೋರಿಯಿಂದ ಎದ್ದು ಬರ್ತಾನೆ."

"ಬರ್ಲಿ. ಅವನ ಕೈಗೂ ಒಂದು ಕೋಲು ಕೊಡ್ತೀನಿ. ತೊಟ್ಟಿ ಕಲಸೋಕೆ ಜನ ಸಾಲ್ತಿಲ್ಲ."

ನೀನು ಹಿಂಜರಿದದ್ದು ಯಾಕೆಂದು ನನಗೆ ಗೊತ್ತಿತ್ತು. ನನ್ನ ಅಜ್ಜನ ಅಪ್ಪನ ಕಾಲದಿಂದ ನಮ್ಮ ವೈನರಿಯಲ್ಲಿ ಒಂದೊಂದು ಮನೆಯ ಹಣ್ಣಿಗೂ ಒಂದೊಂದು ತೊಟ್ಟಿ. ಮುಂದೆ ಸೀಮೆಸುಣ್ಣದಲ್ಲಿ ಆ ಮನೆಯ ಹೆಸರು. ಎರಡು ಮನೆಯ ಹಣ್ಣು ಒಂದೇ ತೊಟ್ಟಿಗೆ ಬೀಳುವುದು, ಎರಡು ಹೆಸರು ಅಕ್ಕಪಕ್ಕ ಬರೆಯುವುದು, ಆ ಎರಡು ಮನೆಗಳ ನಡುವೆ ಮದುವೆ ಆದ ವರ್ಷ ಮಾತ್ರ. ನನ್ನ ಅಪ್ಪ ಅಮ್ಮನಿಗೂ ಹಾಗೇ ಬರೆದಿದ್ದರಂತೆ. ಆದರೆ ಆ ಮಧ್ಯಾಹ್ನ ನನಗೆ ಸಂಪ್ರದಾಯ ನೆನಪಾಗುವಷ್ಟು ಪುರುಸೊತ್ತು ಇರಲಿಲ್ಲ, ಕಣಜಗಳು ಲಾರಿಗೆ ಮುತ್ತಿದ್ದವು. ನೀನು ಸುರಿದೆ. ಲಿಂಡನ್ ಸೀಮೆಸುಣ್ಣ ತೆಗೆದುಕೊಂಡು ಹಾರ್ನಿಗ್ ಎಂಬ ನಮ್ಮ ಮನೆಯ ಹೆಸರಿನ ಮುಂದೆ ನಿಮ್ಮ ಮನೆಯದು, ಮಟ್ಟಿಸ್ಕೆ ಎಂದು ಬರೆದ. ನನ್ನ ತಮ್ಮನ ಮಗನಿಗೆ ನಲವತ್ತಾಗಿದೆ, ಏನು ಬರೆಯುತ್ತಿದ್ದೇನೆ ಎಂಬ ಅರಿವು ಚೆನ್ನಾಗಿಯೇ ಇತ್ತು. ಬಗ್ಗಿ ನಗುತ್ತಿದ್ದದ್ದನ್ನು ನಾನು ಕೆಮ್ಮು ಎಂದುಕೊಂಡೆ.

ಅಷ್ಟಕ್ಕೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಮರುದಿನ ಹಿಂಡುವ ಯಂತ್ರದ ಕಬ್ಬಿಣದ ಬಳೆ ಮುರಿಯಿತು. ಅದಕ್ಕೆ ಬೆಸುಗೆ ಹಾಕಿಸಲು ನಾನು ಅಡಿಲೇಡಿಗೆ ಹೋಗಬೇಕಾಯಿತು. ನಿನಗೂ ಮಂಡಿ ಡಾಕ್ಟರನ್ನು ಕಾಣುವುದಿತ್ತು, ಕಾರಿನಲ್ಲಿ ಜಾಗ ಇತ್ತು. ಪೇಟೆಗೆ ಹೋಗುವುದಲ್ಲವೇ ಎಂದು ನಾನು ನೀಲಿ ಫ್ರಾಕು ಹಾಕಿದೆ. ನೀನು ಟೈ ಕಟ್ಟಿಕೊಂಡು ಬಂದೆ. ಸುಗ್ಗಿಯ ನಡುಮಧ್ಯೆ ನಾವಿಬ್ಬರೂ ಒಳ್ಳೆಯ ಬಟ್ಟೆಯಲ್ಲಿ ಅಡಿಲೇಡಿನಿಂದ ಬಂದು ಕಾರಿಳಿಯುವಾಗ ವೈನರಿಯ ಅಂಗಳದಲ್ಲಿ ಯಾರು ಇರಬೇಕು? ವಾಲ್ಡಾ. ಚರ್ಚಿನ ಆರ್ಗನ್ ನುಡಿಸುವವಳು, ಪ್ರಾರ್ಥನೆಗೆ ಬೇಕಾದ ವೈನ್ ಒಯ್ಯಲು ಬಂದಿದ್ದಳು. ತೊಟ್ಟಿಯ ಮೇಲಿನ ಎರಡು ಹೆಸರು ನೋಡಿದಳು. ನನ್ನ ಫ್ರಾಕು ನೋಡಿದಳು. ನಿನ್ನ ಟೈ ನೋಡಿದಳು. ಒಂದು ಮಾತೂ ಆಡದೆ ಬಾಟಲಿ ಎತ್ತಿಕೊಂಡು ಹೋದಳು. ವಾಲ್ಡಾ ಬಾಯಿ ಮುಚ್ಚಿಕೊಂಡು ಹೋದಳೆಂದರೆ ನಮಗೆ ಆಗಲೇ ಎಚ್ಚರವಾಗಬೇಕಿತ್ತು.

ಶನಿವಾರ ಸಂಜೆ ನಾನು ತೊಟ್ಟಿ ಕಲಸಿ, ರಬ್ಬರ್ ಬೂಟು ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ಶಾವಿಗೆ ಸೂಪು ಕುಡಿಯುತ್ತಿದ್ದೆ. ಮೊಣಕೈವರೆಗೆ ನೇರಳೆ ಬಣ್ಣ. ಇದ್ದಕ್ಕಿದ್ದಂತೆ ಮನೆಯ ಸುತ್ತ ಆಕಾಶ ಹರಿದು ಬಿದ್ದಂಥ ಸದ್ದು. ಕಿಟಕಿಯಿಂದ ನೋಡಿದರೆ ಊರಿಗೆ ಊರೇ ಅಂಗಳದಲ್ಲಿದೆ. ಕೆಟಲ್, ಬ್ರೆಡ್ ತಟ್ಟೆ, ಹಾಲಿನ ಕ್ಯಾನು, ನೇಗಿಲ ಬಿಲ್ಲೆ, ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದಾರೆ. ಬ್ಯಾಂಡಿನವರು ದೊಡ್ಡ ಕಹಳೆಯನ್ನೂ ಬಿಟ್ಟಿರಲಿಲ್ಲ. ಹೊಸ ಮದುಮಕ್ಕಳ ಮನೆಗೆ ತಗಡು ಬಡಿಯುವುದು ನಮ್ಮಲ್ಲಿ ಹೊಸದಲ್ಲ, ನಾನೂ ಎಷ್ಟೋ ಮನೆಗಳ ಮುಂದೆ ಬಡಿದಿದ್ದೇನೆ. ಗಂಡ ಹೆಂಡತಿ ಜೊತೆಯಾಗಿ ಹೊರಗೆ ಬಂದು ಎಲ್ಲರನ್ನೂ ಊಟಕ್ಕೆ ಕರೆಯುವ ತನಕ ನಿಲ್ಲಿಸುವಂತಿಲ್ಲ. ನನಗೆ ಅರ್ಥವಾಗದೆ ಇದ್ದದ್ದು ಒಂದೇ, ಮದುಮಕ್ಕಳು ಯಾರು ಎಂಬುದು. ಲಿಂಡನ್ ಏನಾದರೂ ಎರಡನೇ ಮದುವೆ ಮಾಡಿಕೊಂಡನೇ ಎಂದು ಒಂದು ಕ್ಷಣ ಹೆದರಿದೆ. ಅವನ ಹೆಂಡತಿಯೂ ಅಂಗಳದಲ್ಲಿ ನಿಂತು ಹುರಿಯುವ ಬಾಣಲೆ ಬಡಿಯುತ್ತಿರುವುದು ಕಂಡ ಮೇಲೆ ಸಮಾಧಾನವಾಯಿತು.

ಬಾಗಿಲು ತೆಗೆದೆ. ಸದ್ದು ಇನ್ನೂ ಜಾಸ್ತಿಯಾಯಿತು. ಗಂಡ ಎಲ್ಲಿ, ಗಂಡನನ್ನು ಕರಿ ಎಂದು ಎಲ್ಲರೂ ಕೂಗಿದರು. ಯಾವ ಗಂಡ ಎಂದು ನಾನು ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ.

ಆಗ ನೀನು ಬಂದೆ ನೋಡು. ದೇವರೇ, ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹೊಳೆಯ ಕಡೆಯಿಂದ, ಕೆಟ್ಟ ಮಂಡಿಯನ್ನು ಎಳೆದುಕೊಂಡು, ಕೊರಳಿಗೆ ಹಳೇ ಎಣ್ಣೆ ಡಬ್ಬ ನೇತುಹಾಕಿಕೊಂಡು, ಎರಡೂ ಕೈಯಲ್ಲಿ ಅದನ್ನು ಬಡಿಯುತ್ತ ಓಡಿ ಬರುತ್ತಿದ್ದೀಯ. ನಮ್ಮ ತೋಟಕ್ಕೆ ಕಬ್ಬಕ್ಕಿಗಳ ಹಿಂಡು ಇಳಿದಿದೆ, ಮೆಲ್ವಾ ಒಬ್ಬಳೇ ಓಡಿಸಲಾರದೆ ಊರನ್ನು ಕರೆದಿದ್ದಾಳೆ ಎಂದುಕೊಂಡೆಯಂತೆ. ಹಕ್ಕಿ ಓಡಿಸಲೂ ನಾವು ತಗಡನ್ನೇ ಬಡಿಯುವುದರಿಂದ ನಿನ್ನದು ತಪ್ಪಲ್ಲ. ಆದರೆ ಅಂಗಳದಲ್ಲಿದ್ದವರಿಗೆ ಕಂಡದ್ದು ಬೇರೆಯೇ. ಮದುಮಗ ತನ್ನ ಮದುವೆಗೆ ತಾನೇ ತಗಡು ಬಡಿದುಕೊಂಡು ಬಂದ. ಈ ಕಣಿವೆಯಲ್ಲಿ ಅಂಥ ಗಂಡು ಇದುವರೆಗೆ ಹುಟ್ಟಿರಲಿಲ್ಲ. ಜನ ನಿನ್ನನ್ನು ಅನಾಮತ್ತಾಗಿ ಎತ್ತಿ ತಂದು ನನ್ನ ಪಕ್ಕ ನಿಲ್ಲಿಸಿದರು. ನೀನು ನನ್ನ ಕಿವಿಯಲ್ಲಿ ಹಕ್ಕಿ ಎಲ್ಲಿ ಎಂದು ಕೇಳಿದೆ.

ಮೊದಲು ಅನುಮಾನ ಬಂದದ್ದು ನಮ್ಮ ಪಾದ್ರಿಗಳಿಗೆ. ಪಾಪ, ಕೈಯಲ್ಲಿ ಪಾತ್ರೆಯ ಮುಚ್ಚಳ ಹಿಡಿದುಕೊಂಡೇ ಮುಂದೆ ಬಂದು, ನನ್ನನ್ನು ಬಿಟ್ಟು ಯಾರ ಕೈಲಿ ಮದುವೆ ಮಾಡಿಸಿಕೊಂಡಿರಿ ಎಂದು ಬೇಸರದಿಂದ ಕೇಳಿದರು. ಆಮೇಲೆ ತಾನೇ ಎಲ್ಲ ಹೊರಬಿದ್ದದ್ದು. ತೊಟ್ಟಿ, ಫ್ರಾಕು, ಟೈ. ಎಲ್ಲರೂ ವಾಲ್ಡಾಳತ್ತ ತಿರುಗಿದರು. ಅವಳು ಒಂಚೂರೂ ಅಳುಕಲಿಲ್ಲ.

"ಆಗಿಲ್ದಿದ್ರೆ ಆಗಿ. ಬಡಿದ ತಗಡನ್ನ ನಾವು ವಾಪಸ್ ತಗೊಳ್ಳೋಕಾಗಲ್ಲ. ನಲ್ವತ್ತು ವರ್ಷದಿಂದ ಕೆಟಲ್ ಉಜ್ಜಿ ಇಟ್ಕೊಂಡು ಕಾಯ್ತಿದೀವಿ ಕಣೇ."

ಬಂದವರನ್ನು ಹಸಿದು ಕಳಿಸಲಾಗುತ್ತದೆಯೇ? ಹೊಗೆಸಾಲೆಯಲ್ಲಿ ತೂಗುಹಾಕಿದ್ದ ಸಾಸೇಜು ಇಳಿಸಿದೆ, ಸಬ್ಬಸಿಗೆ ಹಾಕಿದ ಸೌತೆಕಾಯಿಯ ಜಾಡಿಗಳನ್ನೆಲ್ಲ ತೆರೆದೆ. ಲಿಂಡನ್ ಕೇಳದೆ ಮಾಡದೆ ಒಳಗೆ ಹೋಗಿ ಹಳೇ ತೋಟದ ಶಿರಾಜ್ ತಂದ. ಅದೂ ಅಪ್ಪ ಮಾಡಿದ ಕೊನೆಯ ವರ್ಷದ್ದು. ನೀನು ಲೋಟ ಮೂಗಿಗೆ ಹಿಡಿದು ಕಣ್ಣು ಮುಚ್ಚಿದೆ. ಆಗದ ಮದುವೆಯ ಊಟವನ್ನು ಅಷ್ಟು ಖುಷಿಯಾಗಿ ಉಂಡ ಜನವನ್ನು ನಾನು ನೋಡಿಲ್ಲ. ನಿಜ ಹೇಳಲಾ? ನನಗೂ ಖುಷಿಯಾಗಿತ್ತು. ನೀನು ಅಂಗಿಯ ತೋಳು ಮಡಿಸಿ ನನ್ನ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ, ನಾನು ಒರೆಸುತ್ತಿದ್ದೆ. ಇದು ಹೀಗೇ ಇದ್ದರೆ ಕೆಟ್ಟದ್ದೇನೂ ಅಲ್ಲ ಎಂದು ಅನಿಸಿತು.

ಅಷ್ಟೆಲ್ಲ ಸಿಹಿಯಾಗಿ ಇದ್ದದ್ದನ್ನು ಗುರುವಾರ ಬಂದು ನೀನು ಹೇಗೆ ಹುಳಿ ಮಾಡಿದೆ, ನೆನಪಿದೆಯಾ? ನಿನ್ನ ಮಾತನ್ನೇ ಬರೆಯುತ್ತೇನೆ, ಒಂದಕ್ಷರ ಕೂಡಿಸಿಲ್ಲ.

"ಮೆಲ್ವಾ, ಡಾಕ್ಟ್ರು ಇನ್ಮೇಲೆ ಮಂಡಿ ಊರ್ಬೇಡ ಅಂದ್ರು. ಚಳಿಗಾಲಕ್ಕೆ ಆ ಬಳ್ಳಿಗೆಲ್ಲ ಕತ್ತರಿ ಹಾಕೋರು ಯಾರು? ನಿನ್ನಷ್ಟು ಅವನ್ನ ಬಲ್ಲೋರು ಯಾರಿದಾರೆ? ಹೇಗೂ ಊರೋರು ನಮ್ಗೆ ಮದುವೆ ಮಾಡಿಯಾಗಿದೆ. ಆಗೇ ಬಿಡೋಣ ಅಲ್ವಾ?"

ಎರ್ವಿನ್, ಹೆಣ್ಣು ಕೇಳುವವನು ಮೊದಲು ಮಂಡಿ, ಆಮೇಲೆ ಬಳ್ಳಿ, ಆಮೇಲೆ ಊರು, ಕಟ್ಟಕಡೆಗೆ ಹೆಣ್ಣು ಎಂಬ ಸಾಲಿನಲ್ಲಿ ಕೇಳುತ್ತಾನೆಯೇ? ಮೊಣಕಾಲೆತ್ತರದ ಹಳೇ ಬಳ್ಳಿಗಳಿಗೆ ಬಗ್ಗಿ, ಕೂತು, ಮಣ್ಣಲ್ಲಿ ಮಂಡಿಯೂರಿ ಕತ್ತರಿ ಹಾಕುವುದು ಎಂಥ ಕೆಲಸವೆಂದು ನನಗೆ ತಿಳಿಯದೇ? ಯಾವ ಕಡ್ಡಿಯಲ್ಲಿ ಚಿಗುರೊಡೆಯುವ ಎರಡು ಕಣ್ಣು ಬಿಡಬೇಕು, ಯಾವುದನ್ನು ಬುಡಕ್ಕೆ ತೆಗೆಯಬೇಕು ಎಂದು ನೀನು ನಿಂತು ಯೋಚಿಸುವುದನ್ನು ಹೊಳೆಯ ಈಚೆಯಿಂದ ಎಷ್ಟು ಚಳಿಗಾಲ ನೋಡಿಲ್ಲ? ಆ ಬಳ್ಳಿಗಳು ನನಗೂ ಅಕ್ಕರೆಯವೇ. ನಮ್ಮ ತೋಟದಿಂದ ಕಡಿದು ಕೊಟ್ಟ ಕಡ್ಡಿಗಳಿಂದಲೇ ನಿಮ್ಮ ಮುತ್ತಜ್ಜ ಅವನ್ನು ನೆಟ್ಟದ್ದು. ನಿಮ್ಮ ಕೆಂಪು ಮಣ್ಣಿಗೆ ಹೋಗಿ ಅವು ಬೇರೆಯೇ ಆದವು. ಮಟ್ಟಿಸ್ಕೆ ಹಣ್ಣಿಗೆ ಬೆನ್ನುಮೂಳೆ ಇದೆ, ನಮ್ಮ ಮರಳಿನ ಹಣ್ಣಿಗೆ ನಾಲಿಗೆ ಇದೆ ಎಂದು ಅಪ್ಪ ಹೇಳುತ್ತಿದ್ದ. ಅವನ್ನು ನೋಡಿಕೊಳ್ಳುವುದು ನನಗೆ ಹೊರೆಯಲ್ಲ. ನನಗೆ ಚುಚ್ಚಿದ್ದು ಅದಲ್ಲ.

ಇದನ್ನು ನಾನು ಯಾರ ಹತ್ತಿರವೂ ಆಡಿಲ್ಲ, ನಿನಗೆ ಬರೆಯುತ್ತಿದ್ದೇನೆ. ನನ್ನನ್ನು ಯಾವಾಗಲೂ ಎಲ್ಲರೂ ಯಾವುದಾದರೂ ಕೆಲಸಕ್ಕೇ ಕರೆದರು. ಅಪ್ಪನಿಗೆ ನನ್ನ ಮೂಗು ಬೇಕಿತ್ತು, ಪೀಪಾಯಿಯ ಬಾಯಿಗೆ ಬಗ್ಗಿ ಕೆಟ್ಟಿದೆಯೋ ಇಲ್ಲವೋ ಹೇಳಲು. ತಮ್ಮನಿಗೆ ಲೆಕ್ಕ ಬರೆಯುವವಳು ಬೇಕಿತ್ತು. ಲಿಂಡನ್‌ಗೆ ಈಗ ಬೆಳಗಿನ ಜಾವ ಎದ್ದು ತೊಟ್ಟಿ ನೋಡುವ ಅತ್ತೆ ಬೇಕು. ದೂರುತ್ತಿಲ್ಲ, ಪ್ರೀತಿಯಿಂದಲೇ ಮಾಡಿದ್ದೇನೆ, ನನ್ನಷ್ಟು ಒಳ್ಳೆಯ ಬದುಕು ಯಾರಿಗುಂಟು ಎಂದು ಜಂಬವೂ ಇದೆ. ಆದರೆ ಅರವತ್ತಾರನೆಯ ವಯಸ್ಸಿನಲ್ಲಿ ಒಬ್ಬ ಗಂಡಸು ಮದುವೆಯಾಗು ಎಂದು ಕೇಳಿದಾಗಲೂ ಅದರ ಮುಂದೆ ಒಂದು ಕತ್ತರಿ ನೇತಾಡುತ್ತಿದ್ದರೆ ಹೇಗೆ? ನಿನಗೆ ಬೇಕಾದದ್ದು ನಾನೋ ನನ್ನ ಕೈಯೋ ಎಂದು ಗೊತ್ತಾಗದೆ ನಾನು ಹೂಂ ಅನ್ನಲಾರೆ ಎಂದುಕೊಂಡೆ. ಅಂದು ಸಂಜೆ ಬೇಡ ಎಂದು ಬರೆಯಲು ಕೂತೇಬಿಟ್ಟಿದ್ದೆ. ಬರೆದದ್ದು ಚೆನ್ನಾಗಿಯೂ ಇತ್ತು, ಸ್ವಲ್ಪ ಹೆಚ್ಚೇ ಖಾರವಾಗಿತ್ತು. ಒಲೆಗೆ ಹಾಕಿದೆ.

ಆಮೇಲೆ ನಾನು ಒಂದು ಉಪಾಯ ಮಾಡಿದೆ. ನೀನು ಇದನ್ನು ಕುತಂತ್ರ ಎಂದರೂ ಚಿಂತೆಯಿಲ್ಲ. ನಿನ್ನೆ ಲಿಂಡನ್‌ನನ್ನು ನಿನ್ನಲ್ಲಿಗೆ ಕಳಿಸಿದ್ದು ನಾನೇ. ಏನು ಹೇಳಬೇಕೆಂದು ಬಾಯಿಪಾಠ ಮಾಡಿಸಿ ಕಳಿಸಿದೆ. ಈ ಚಳಿಗಾಲದಿಂದ ನಿನ್ನ ಹಳೇ ಬಳ್ಳಿಗಳಿಗೆಲ್ಲ ನಾವೇ ಕತ್ತರಿ ಹಾಕುತ್ತೇವೆ, ಲಿಂಡನ್ ಮತ್ತು ಅವನ ಆಳುಗಳು, ನೀನು ಬದುಕಿರುವಷ್ಟು ದಿನವೂ, ಆಮೇಲೂ. ಹಣ್ಣು ಯಾವತ್ತಿನಂತೆ ನಮ್ಮಲ್ಲಿಗೇ ಬರಲಿ. ಬಳ್ಳಿಗೋಸ್ಕರ ಯಾರೂ ಯಾರನ್ನೂ ಮದುವೆಯಾಗಬೇಕಿಲ್ಲ. ಇಷ್ಟು ಹೇಳಿ ಅವನ ಮುಖ ನೋಡಿಕೊಂಡು ಬಾ ಎಂದೆ.

ಲಿಂಡನ್ ಹೊರಟು ಹೋದ. ಬಳ್ಳಿಯ ಚಿಂತೆ ಕಳೆಯಿತೆಂದು ನಿನಗೆ ನೆಮ್ಮದಿಯಾಗಿ ಮದುವೆಯ ಮಾತೇ ಮರೆತರೆ ನನ್ನ ಕಥೆ ಅಲ್ಲಿಗೆ ಮುಗಿಯಿತು ಎಂದು ಗೊತ್ತಿತ್ತು. ಸುಮ್ಮನೆ ಕೂರಲಾರದೆ ಪೀಪಾಯಿಗಳ ಹೊಟ್ಟೆ ಒರೆಸಿದೆ, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದೆ. ಪಾರಾ ಹೊಳೆಯ ಸೇತುವೆಯ ಮೇಲೆ ಅವನ ಗಾಡಿಯ ಸದ್ದು ಕೇಳಿದಾಗ ಬಟ್ಟೆ ಕೈಯಲ್ಲಿ ಹಿಡಿದೇ ಬಾಗಿಲಿಗೆ ಓಡಿದೆ. ಹುಡುಗಿಯಾಗಿದ್ದಾಗಲೂ ಹಾಗೆ ಓಡಿರಲಿಲ್ಲ. ಲಿಂಡನ್ ಒಳಗೆ ಬಂದವನು ಬೇಕೆಂದೇ ನಿಧಾನವಾಗಿ ನೀರು ಕುಡಿದ.

"ಹೇಳ್ದೆ ಅತ್ತೆ. ಟೋಪಿ ತೆಗೆದು ನನ್ನ ಕೈ ಕುಲುಕಿದ. 'ದೊಡ್ಡ ಉಪಕಾರ ಆಯ್ತಪ್ಪಾ, ಬಳ್ಳಿ ವಿಷಯ ಮುಗೀತು' ಅಂದ. ಆಮೇಲೆ ನಾನು ಗಾಡಿ ಹತ್ತಿದ್ರೂ ಕಿಟಕಿ ಹಿಡ್ಕೊಂಡು ಬಿಡ್ಲೇ ಇಲ್ಲ. 'ಅದು ಸರಿ, ಮದುವೆಗೆ ಅವಳು ಏನಂದ್ಲು' ಅಂದ."

ಪೀಪಾಯಿ ಒರೆಸುವ ಬಟ್ಟೆಯಲ್ಲೇ ನಾನು ಕಣ್ಣು ಒರೆಸಿಕೊಂಡೆ. ಲಿಂಡನ್ ನನ್ನ ಮುಖವೆಲ್ಲ ನೇರಳೆಯಾಯಿತು ಎಂದು ನಕ್ಕ. ನಗಲಿ ಬಿಡು.

ರಾತ್ರಿ ಮಲಗಿದಾಗ ಒಂದು ಹಳೇ ಸಂಗತಿ ತಾನಾಗಿ ನೆನಪಿಗೆ ಬಂತು. ಆ ಕೆಟ್ಟ ವರ್ಷಗಳು, ಕೆಂಪು ವೈನನ್ನು ಯಾರೂ ಕೇಳದೆ, ಹಳೇ ಬಳ್ಳಿ ಕಿತ್ತರೆ ಸರ್ಕಾರವೇ ದುಡ್ಡು ಕೊಡುತ್ತಿದ್ದ ಕಾಲ. ಎಲ್ಲಿ ನೋಡಿದರೂ ಟ್ರ್ಯಾಕ್ಟರು, ಸರಪಳಿ, ಕಿತ್ತು ರಾಶಿ ಹಾಕಿದ ಬುಡಗಳಿಗೆ ಬೆಂಕಿ. ಈ ವರ್ಷ ನಿಮ್ಮ ಶಿರಾಜ್ ಕೊಳ್ಳಲಾರೆವು ಎಂದು ಅಪ್ಪ ಒಬ್ಬೊಬ್ಬ ಬೆಳೆಗಾರನ ಮನೆಗೂ ತಾನೇ ಹೋಗಿ ಹೇಳಿ ಬಂದ. ನಿನಗೂ ಹೇಳಿದ. ನಿನ್ನ ವಯಸ್ಸಿನವರೆಲ್ಲ ಕಿತ್ತರು. ನೀನು ಕೀಳಲಿಲ್ಲ. ಕುರಿ ಸಾಕಿದೆ, ಊರವರ ಬೇಲಿ ಕಟ್ಟಿದೆ, ಬಳ್ಳಿಗಳನ್ನು ಮಾತ್ರ ಉಳಿಸಿಕೊಂಡೆ. ಎರ್ವಿನ್ ಮೊಂಡ, ಅವನಮ್ಮನ ಹಾಗೆ ಎಂದು ಎಲ್ಲರೂ ಅಂದರು, ನಾನೂ ಅಂದೆ.

ಆದರೆ ಆ ವರ್ಷವೂ ಮಾರ್ಚಿನಲ್ಲಿ ನೀನು ಒಂದು ಬಕೆಟ್ ಹಣ್ಣು ಹಿಡಿದು ನಮ್ಮ ಗೇಟಿಗೆ ಬಂದೆ. ಅದರ ಮರುವರ್ಷವೂ ಬಂದೆ. ರುಚಿ ನೋಡಿ ಹೇಳು, ಕೊಯ್ಲಿಗೆ ಬಂದಿದೆಯಾ ಎಂದು ಕೇಳುತ್ತಿದ್ದೆ. ನಾನು ಎಂಥ ಪೆದ್ದು ನೋಡು, ಗಂಭೀರವಾಗಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಸಿಪ್ಪೆ ಜಗಿದು, ಬೀಜ ಉಗಿದು ನೋಡಿ, ಇನ್ನೂ ಸ್ವಲ್ಪ ದಿನ ಬಿಡು, ಬೀಜ ಹಸಿರಿದೆ ಎಂದು ಉಪದೇಶ ಮಾಡಿ ಕಳಿಸುತ್ತಿದ್ದೆ. ಕೊಳ್ಳುವವರೇ ಇಲ್ಲದ ಹಣ್ಣು ಹಣ್ಣಾದರೇನು, ಹಸಿರಿದ್ದರೇನು? ಅದನ್ನು ಹೊತ್ತು ತಂದು ಯಾಕೆ ತೋರಿಸುತ್ತಾನೆ ಎಂದು ಒಂದು ದಿನವಾದರೂ ನನಗೆ ಹೊಳೆಯಬೇಡವೇ? ಊರಿನ ಪ್ರತಿ ಪೀಪಾಯಿಯ ಒಳಗೂ ಏನಿದೆ ಎಂದು ಮೂಗಿನಲ್ಲೇ ಹೇಳುವವಳು ನಾನು. ಹಾಸಿಗೆಯಲ್ಲಿ ಎದ್ದು ಕೂತು ಗಟ್ಟಿಯಾಗಿ ನಕ್ಕೆ. ನಕ್ಕು ಮುಗಿದ ಮೇಲೆ ನಿನ್ನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಆಗಲೇ ಕೋಟು ಹಾಕಿಕೊಂಡು ಹೊಳೆ ದಾಟಿ ಬಂದುಬಿಡುತ್ತಿದ್ದೆ. ನಿನ್ನ ನಾಯಿಗೆ ಹೆದರಿ ಬರಲಿಲ್ಲ.

ಇನ್ನು ಉತ್ತರ. ಹೂಂ, ಎರ್ವಿನ್. ನಿನ್ನನ್ನು ಮದುವೆಯಾಗುತ್ತೇನೆ. ಸಂತೋಷದಿಂದ ಆಗುತ್ತೇನೆ.

ಆದರೆ ಕೆಲವು ಮಾತು ಈಗಲೇ ಆಗಿಬಿಡಲಿ. ಸುಗ್ಗಿಯ ಕಾಲದಲ್ಲಿ ನಾನು ತೊಟ್ಟಿಗಳ ಪಕ್ಕದ ಈ ಮನೆ ಬಿಟ್ಟು ಎಲ್ಲಿಗೂ ಬರಲಾರೆ, ನೀನೇ ಬರಬೇಕು. ಚಳಿಗಾಲಕ್ಕೆ ನಾನು ನಿನ್ನ ಮನೆಗೆ ಬರುತ್ತೇನೆ, ನಿನ್ನ ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುತ್ತದೆ. ನಿಮ್ಮಮ್ಮನ ಗಡಿಯಾರ ತಪ್ಪು ಗಂಟೆ ಹೊಡೆದರೂ ನಾನು ಏನೂ ಅನ್ನುವುದಿಲ್ಲ. ನಾಯಿಗೆ ನೀನು ಬುದ್ಧಿ ಹೇಳಬೇಕು. ಊರಲ್ಲಿ ನಡೆಯುವ ಸೌತೆಕಾಯಿ ಉಪ್ಪಿನಕಾಯಿಯ ಸ್ಪರ್ಧೆಗೆ ನಾವಿಬ್ಬರೂ ಬೇರೆ ಬೇರೆ ಜಾಡಿಯನ್ನೇ ಕಳಿಸೋಣ, ಅಲ್ಲಿ ಗಂಡ ಹೆಂಡತಿ ಎಂಬ ಸಲಿಗೆ ಬೇಡ. ಕತ್ತರಿಯ ವಿಷಯ ಲಿಂಡನ್ ಕೊಟ್ಟ ಮಾತಿನಂತೆಯೇ ಇರಲಿ. ನಾನೂ ಜೊತೆಗೆ ಬಂದು ಕತ್ತರಿ ಹಾಕುತ್ತೇನೆ, ಆದರೆ ಅದು ನನಗೆ ಮನಸ್ಸಿದ್ದರೆ. ನೀನು ಬದುವಿನ ಮೇಲೆ ಕುರ್ಚಿ ಹಾಕಿಕೊಂಡು ಕೂತು ತಪ್ಪು ಹುಡುಕುತ್ತಿರು.

ಆ ತೊಟ್ಟಿಯ ವೈನ್ ಹೇಗಿದೆ ಎಂದು ಊರೆಲ್ಲ ಕೇಳುತ್ತಿದೆ. ಸೋಮವಾರ ಹಿಂಡಿ ಪೀಪಾಯಿಗೆ ತುಂಬಿದೆವು. ನಾನು ಬಾಯಿಗೆ ಹಾಕಿಕೊಂಡು ನೋಡಿದೆ. ಎಳೆಯದು, ಒರಟು, ಎರಡು ಮಣ್ಣು ಇನ್ನೂ ಜಗಳವಾಡುತ್ತಿವೆ, ಚೆನ್ನಾಗಿ ಬರುತ್ತದೋ ಕೆಡುತ್ತದೋ ಎಂದು ನಾಲ್ಕೈದು ವರ್ಷ ಕಳೆಯದೆ ಯಾರೂ ಹೇಳಲಾರರು. ಮದುವೆಗೂ ಅದಕ್ಕೂ ಸಂಬಂಧ ಕಟ್ಟಿ ವಾಲ್ಡಾ ಏನಾದರೂ ಅನ್ನದೆ ಇರುವುದಿಲ್ಲ, ನೀನು ಕಿವಿಗೆ ಹಾಕಿಕೊಳ್ಳಬೇಡ. ನಾಳೆ ಅದು ವಿನಿಗರ್ ಆದರೂ ನನ್ನ ಉತ್ತರ ಇದೇ.

ಪಾದ್ರಿಗಳಿಗೆ ನಾನಿನ್ನೂ ಹೇಳಿಲ್ಲ. ಲಿಂಡನ್‌ಗೂ ಹೇಳಿಲ್ಲ, ಪತ್ರ ಅಂಚೆಗೆ ಹಾಕಲು ಅವನ ಕೈಯಲ್ಲೇ ಕೊಡುತ್ತೇನೆ, ಲಕೋಟೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಾನೆ, ನೋಡಲಿ. ಊರಿಗೆ ಹೇಗೆ ಹೇಳುವುದೆಂದು ಯೋಚಿಸಿದೆ. ನಿನಗೆ ಮಾತು ಬರುವುದಿಲ್ಲ, ನನಗೆ ಬಂದರೂ ಹೆಚ್ಚಾಗುತ್ತದೆ. ಅದಕ್ಕೆ ಹೀಗೆ ಮಾಡು. ಭಾನುವಾರ ಚರ್ಚಿಗೆ ಬಂದಾಗ ನೀನು ಹುಟ್ಟಿದಾಗಿನಿಂದ ಕೂರುವ ಬಾಗಿಲ ಬಳಿಯ ಬೆಂಚಿನಲ್ಲಿ ಕೂರಬೇಡ. ಟೋಪಿ ಕೈಯಲ್ಲಿ ಹಿಡಿದುಕೊಂಡು ನಡುವಿನ ದಾರಿಯಲ್ಲಿ ಮುಂದಕ್ಕೆ ನಡೆದು ಬಾ. ಎಲ್ಲರೂ ತಿರುಗಿ ನೋಡುತ್ತಾರೆ, ವಾಲ್ಡಾ ಒಂದು ಸ್ವರ ತಪ್ಪಿ ನುಡಿಸುತ್ತಾಳೆ, ನೀನು ನಿಲ್ಲಬೇಡ. ಮೂರನೇ ಸಾಲಿನಲ್ಲಿ ಹಾರ್ನಿಗ್ ಮನೆಯವರ ಬೆಂಚು. ಅಪ್ಪ ಹೋದ ಮೇಲೆ ನನ್ನ ಪಕ್ಕದ ಜಾಗದಲ್ಲಿ ಇಷ್ಟು ವರ್ಷವೂ ನಾನು ಕೈಚೀಲ ಇಟ್ಟುಕೊಂಡು ಕೂತಿದ್ದೇನೆ. ಈ ಭಾನುವಾರ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ.

ಅಷ್ಟು ದೂರ ನಡೆಯಲು ದೇವರು ನಿನ್ನ ಮಂಡಿಗೆ ಶಕ್ತಿ ಕೊಡಲಿ, ಆಮೇಲಿನ ದೂರಕ್ಕೆ ನಾನಿದ್ದೇನೆ.

ಇಂತಿ ನಿನ್ನವಳು,
ಮೆಲ್ವಾ